ಗೋಡೆಯಾಚೆಯ ದೇದಾ

೪ ಅಕ್ಟೋಬರ್ ೨೦೧೦
ಮನೆಯಿಂದ

ದೇದಾ,

ನಿನ್ನ ಕಾಗದ ತಲುಪಿತು. ಮೊದಲ ಸಾಲು ಓದಿದಾಗ ಪುರಸಭೆಯಿಂದ ನೀರಿನ ಕಂದಾಯದ ನೋಟಿಸು ಬಂತೇನೋ ಎಂದುಕೊಂಡೆ. 'ಪೂಜ್ಯ ಮಾತೃಶ್ರೀಯವರಿಗೆ' ಅಂತೆ! ಹೆತ್ತವಳನ್ನು ದೇದಾ ಎಂದು ಕರೆಯುವುದಕ್ಕೆ ನಿನಗೆ ಬಂದಿರುವ ಕಷ್ಟವೇನು? ಜೈಲಿಗೆ ಹೋಗುವ ತನಕ ದಿನಕ್ಕೆ ನೂರು ಸಲ ಕರೆಯುತ್ತಿದ್ದೆ. ಹೋಗಲಿ, ನೀನು ಬಿಟ್ಟರೆ ಬಿಡು, ನಾನು ಬಿಡುವವಳಲ್ಲ.

ನೆನಪಿದೆಯೇ, ನೀನು ಒಂದನೇ ಕ್ಲಾಸಿನಲ್ಲಿದ್ದಾಗ ಹೊಸದಾಗಿ ಒಬ್ಬಳು ರಷ್ಯನ್ ಟೀಚರು ಬಂದಿದ್ದಳು. ನಾನು ಶಾಲೆಯ ಗೇಟಿನಲ್ಲಿ ನಿಂತು "ದೇದಾ, ಟೋಪಿ ಹಾಕ್ಕೋ" ಎಂದದ್ದನ್ನು ಕೇಳಿ ದಂಗಾಗಿಬಿಟ್ಟಳು. ಅವಳ ಭಾಷೆಯಲ್ಲಿ ದೇದಾ ಎಂದರೆ ಅಜ್ಜ. "ಇಷ್ಟು ಚಿಕ್ಕ ಹುಡುಗನನ್ನ ಅಜ್ಜಾ ಅಂತ ಯಾಕ್ರೀ ಕರೀತೀರಿ?" ಎಂದಳು. "ಅಜ್ಜ ಅಲ್ಲಮ್ಮ, ನಮ್ಮಲ್ಲಿ ದೇದಾ ಅಂದ್ರೆ ಅಮ್ಮ" ಎಂದೆ. ಪಾಪ, ಇನ್ನೂ ಕಂಗಾಲಾದಳು. "ಗಂಡು ಹುಡುಗನನ್ನ ಅಮ್ಮಾ ಅಂತೀರಾ?" ಏನು ಹೇಳಲಿ? ನಮ್ಮ ಜನವೇ ಹಾಗೆ. ಮಗು ತಾಯಿಯನ್ನು ದೇದಾ ಎನ್ನುತ್ತದೆ, ತಾಯಿ ಮಗುವನ್ನೂ ದೇದಾ ಎನ್ನುತ್ತಾಳೆ. ಅಜ್ಜಿ ಮೊಮ್ಮಗನನ್ನು ಅಜ್ಜೀ ಎನ್ನುತ್ತಾಳೆ. ಇರುವುದರಲ್ಲಿ ಒಳ್ಳೆಯದನ್ನು ಮಕ್ಕಳ ತಟ್ಟೆಗೆ ಹಾಕುವ ಹಾಗೆ ನಮ್ಮ ಹೆಸರನ್ನೂ ಅವರಿಗೇ ಕೊಟ್ಟುಬಿಡುತ್ತೇವೆ.

ದ್ರಾಕ್ಷಿ ಕೊಯ್ಲು ಮುಗಿಯಿತು. ಚುರ್ಚ್‌ಖೇಲಾ ಮಾಡಿದೆ. ಈ ಸಲ ಅಕ್ರೋಟು ಚೆನ್ನಾಗಿ ಬಿಟ್ಟಿತ್ತು, ದಾರಕ್ಕೆ ಪೋಣಿಸಿ ಅದ್ದಿದ್ದಕ್ಕೆ ದ್ರಾಕ್ಷಿ ರಸವೂ ಹದವಾಗಿ ಹಿಡಿಯಿತು. ನಿನಗೆ ಒಂದು ಕಟ್ಟನ್ನು ಬತೂಮಿಗೆ ಬರುವ ಜುಂಬೆರನ ವ್ಯಾನಿನಲ್ಲಿ ಕಳಿಸಿದ್ದೇನೆ. ದಾರಿಯಲ್ಲಿ ಅವನು ಒಂದೆರಡು ತಿಂದಿರುತ್ತಾನೆ. ಕೇಳಬೇಡ, ಕಾಗದ ತಲುಪಿಸುವ ಕೂಲಿ ಎಂದುಕೋ. ಇನ್ನೊಂದು ಕಟ್ಟನ್ನು ಪ್ರತಿವರ್ಷದಂತೆ ಗುರಾಮನಿಗೆ ಕೊಟ್ಟುಬಂದೆ. ಪೊಲೀಸು ಕೆಲಸ ಬಿಟ್ಟಮೇಲೆ ದಪ್ಪಗಾಗಿದ್ದಾನೆ. ನಿನ್ನ ಯೋಗಕ್ಷೇಮ ಕೇಳಿದ.

ಓಣಿಯ ಹೆಂಗಸರೆಲ್ಲ ಊರು ಬಿಟ್ಟ ಮಕ್ಕಳ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಹರಟುತ್ತಾರೆ. ನಾನೊಬ್ಬಳು ಹಳೆ ಕಾಲದವಳ ಹಾಗೆ ಕಾಗದ ಬರೆಯುತ್ತೇನೆ. ಫೋನು ಮಾಡಬೇಡ, ಬರಿ ಎಂದೆ ನೀನು, ಯಾಕೆಂದು ನಾನು ಕೇಳಲಿಲ್ಲ. ಆದರೆ ಬತೂಮಿ ಏನು ಚಂದ್ರಲೋಕದಲ್ಲಿದೆಯೇ? ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೀ. ಬರುವ ತಿಂಗಳ ಗಿಯೋರ್ಗಿ ಹಬ್ಬಕ್ಕಾದರೂ ಬಾ.

ವಕೀಲೆ ಇರ್ಮಾ ಫೋನು ಮಾಡಿದ್ದಳು. ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ಕೋರ್ಟಿನಲ್ಲಿ ನಿನ್ನ ದೂರಿಗೆ ಸರ್ಕಾರ ಉತ್ತರ ಕೊಟ್ಟಿದೆಯಂತೆ. ದೇವರು ಕ್ಷಮಿಸಿದ ಮೇಲೆ ಕೋರ್ಟಿನಿಂದ ಇನ್ನೇನಾಗಬೇಕು ದೇದಾ? ಬಿಟ್ಟುಬಿಡಬಾರದೇ?

ನಿನ್ನ ಅಮ್ಮ,
ಲಾಮಾರಾ


ಬತೂಮಿ
೧೯ ಅಕ್ಟೋಬರ್ ೨೦೧೦

ಪೂಜ್ಯ ಅಮ್ಮನವರಿಗೆ,

'ಮಾತೃಶ್ರೀ'ಯನ್ನು ಬಿಟ್ಟಿದ್ದೇನೆ, ನೋಡು. ಇದಕ್ಕಿಂತ ಹತ್ತಿರ ಬರಲು ಸದ್ಯಕ್ಕೆ ನನ್ನಿಂದಾಗದು.

ಚುರ್ಚ್‌ಖೇಲಾ ತಲುಪಿತು. "ಸಂತ ಗಿಯೋರ್ಗಿಯ ಆಣೆ, ಮುಟ್ಟಿಲ್ಲ ಕಣೋ" ಎಂದು ಜುಂಬೆರ್ ಎದೆ ಮುಟ್ಟಿಕೊಂಡು ಹೇಳಿದ. ಅವನ ಮೀಸೆಯಲ್ಲಿ ಅಕ್ರೋಟಿನ ಚೂರಿತ್ತು.

ಕೆಲಸ ನಡೆದಿದೆ. ಹಡಗಿನ ಹೊಟ್ಟೆಯೊಳಗೆ ಕೂತು ವೆಲ್ಡಿಂಗು ಮಾಡುತ್ತೇನೆ. ಎಲ್ಲರೂ ಈ ಸದ್ದನ್ನು ಬೈಯುತ್ತಾರೆ, ನನಗೆ ಇಷ್ಟ. ಅದರೊಳಗೆ ಬೇರೆ ಯಾವ ದನಿಯೂ ಕೇಳುವುದಿಲ್ಲ. ಸಂಜೆ ಕೋಣೆಗೆ ಹೋಗುವಾಗ ಮಕ್ಕಳು ಆಡುವ ಬೀದಿಯನ್ನು ಬಿಟ್ಟು ಸುತ್ತುಹಾಕಿಕೊಂಡು ಹೋಗುತ್ತೇನೆ. ತಾಯಂದಿರು ಮಕ್ಕಳನ್ನು ಊಟಕ್ಕೆ ಕೂಗುವ ಹೊತ್ತು ಅದು.

ಗುರಾಮನ ವಿಷಯ ಓದಿದೆ. ಅವನಿಗೆ ಯಾಕೆ ಕೊಡಬೇಕು? ಅವನನ್ನು ಕಂಡರೆ ಇನ್ನೂ ಹೆದರಿಕೆಯೇ? ಈಗ ಅವನಿಗೆ ಅಧಿಕಾರವಿಲ್ಲ, ನಿನಗೆ ಅವನು ಏನೂ ಮಾಡಲಾರ. ದಯವಿಟ್ಟು ಆ ಮನೆ ಮೆಟ್ಟಿಲು ಹತ್ತಬೇಡ.

ಕೋರ್ಟನ್ನು ಬಿಟ್ಟುಬಿಡು ಎನ್ನುತ್ತೀ. ರೈಲ್ವೆಯ ತಾಮ್ರದ ತಂತಿ ಕದ್ದವನು ನಾನಲ್ಲ, ಕಾವಲುಗಾರನ ತಲೆ ಒಡೆದವನು ನಾನಲ್ಲ. ಹೊಡೆದು ಹೊಡೆದು ಕದ್ದೆ ಎಂದು ಸಹಿ ಹಾಕಿಸಿಕೊಂಡರು, ನಾಲ್ಕು ವರ್ಷ ಒಳಗಿಟ್ಟರು. ಇರ್ಮಾ ಒಂದು ಸಲ ನನಗೆ ಆ ಕಾನೂನಿನ ಕಲಮನ್ನು ಓದಿ ತೋರಿಸಿದಳು. ಒಂದೇ ಸಾಲು: ಯಾರನ್ನೂ ಚಿತ್ರಹಿಂಸೆಗೆ, ಅಮಾನುಷವಾದ ಅಥವಾ ಅವಮಾನಕರವಾದ ನಡವಳಿಕೆಗೆ ಗುರಿಮಾಡಕೂಡದು. "ಇಷ್ಟೇನಾ?" ಎಂದೆ. "ಇಷ್ಟೇ. ಬೇರೆ ಎಷ್ಟೋ ಕಲಮುಗಳಿಗೆ ಬಾಲ ಇರುತ್ತೆ, ಯುದ್ಧ ಬಂದ್ರೆ, ದೇಶಕ್ಕೆ ಅಪಾಯ ಬಂದ್ರೆ ಅಂತ. ಇದಕ್ಕಿಲ್ಲ. ಇದರಲ್ಲಿ 'ಆದರೆ' ಅನ್ನೋ ಮಾತೇ ಇಲ್ಲ" ಎಂದಳು. ಜೈಲಿನಲ್ಲಿ ಅದನ್ನು ಬಾಯಿಪಾಠ ಮಾಡಿಕೊಂಡು ಮಲಗುತ್ತಿದ್ದೆ.

ದೇವರು ಕ್ಷಮಿಸಿದ ಎಂದು ಬರೆದಿದ್ದೀ. ಯಾರನ್ನು ಕ್ಷಮಿಸಿದ? ಗುರಾಮನನ್ನೇ?

ಹಬ್ಬಕ್ಕೆ ಬರಲಾಗುವುದಿಲ್ಲ.

ಮಾಲ್ಖಾಜ್


೯ ನವೆಂಬರ್ ೨೦೧೦
ಮನೆಯಿಂದ

ದೇದಾ,

ಹೆದರಿಕೆಯೇ? ನನಗೇ? ಆ ಗುರಾಮನ ಮೂಗು ಸೋರುತ್ತಿದ್ದ ಕಾಲದಿಂದ ನೋಡಿದವಳು ನಾನು. ನಿನ್ನ ಸಿಟ್ಟು ನನಗೆ ಗೊತ್ತು. ಹಿಡಿದುಕೊಂಡು ಹೋದದ್ದು ಅವನೇ, ಒಳಗೆ ಹಾಕಿದ್ದೂ ಅವನೇ. ಆದರೆ ಆ ಠಾಣೆಯಲ್ಲಿ ಅವತ್ತು ನನ್ನನ್ನು ಮನುಷ್ಯಳೆಂದು ಕಂಡವನು ಅವನೊಬ್ಬನೇ. ಮಿಕ್ಕವರು ನಾಯಿ ಅಟ್ಟಿದ ಹಾಗೆ ಗೇಟಿನಿಂದ ಅಟ್ಟಿದ್ದರು.

ವಿಚಾರಣೆಯ ದಿನ ನಿನ್ನ ಮೈಮೇಲಿನ ಏಟುಗಳನ್ನು ನಾನೇನು ನೋಡಿಲ್ಲವೇ? ಜೊತೆಯ ಕೈದಿಗಳು ಬಡಿದಾಡಿದರು ಎಂದ ಗುರಾಮ್. ಅವರೇ ಹೊಡೆದರು ಎಂದೆ ನೀನು. ನನ್ನ ತಲೆ ಯಾವುದನ್ನು ನಂಬಬೇಕು? ಹೆತ್ತವರಿಗೆ ಹೆಗ್ಗಣ ಮುದ್ದು. ನೀನು ಏನೇ ಮಾಡಿರಲಿ, ನನಗೆ ನೀನು ಬೇಕು, ಅಷ್ಟೆ. ಅದರಾಚೆ ನಾನು ಯೋಚಿಸಲಿಲ್ಲ.

ಹಬ್ಬಕ್ಕೆ ನೀನಿಲ್ಲದಿದ್ದರೂ ನಿನ್ನ ತಟ್ಟೆ ಇಡುತ್ತೇನೆ. ಕೋಳಿಗೆ ಅಕ್ರೋಟಿನ ಸಾರು ಮಾಡುವುದೋ, ಬೇಡವೋ, ಇನ್ನೂ ಗೊತ್ತುಮಾಡಿಲ್ಲ. ಒಬ್ಬಳಿಗೋಸ್ಕರ ಕೋಳಿಯ ಜೀವ ತೆಗೆಯುವುದೇಕೆ ಅನ್ನಿಸುತ್ತದೆ.

ಅಮ್ಮ


ಬತೂಮಿ
೨ ಡಿಸೆಂಬರ್ ೨೦೧೦

ಅಮ್ಮ,

ಇರ್ಮಾ ಇಲ್ಲಿಯವರೆಗೆ ಬಂದು ಹೋದಳು. ಅದನ್ನು ನಿನಗೆ ಬರೆಯುವುದೋ ಬೇಡವೋ ಎಂದು ಬಹಳ ಯೋಚಿಸಿದೆ.

ನನ್ನಿಂದ ಸಹಿ ಹಾಕಿಸಿಕೊಂಡ ದಿನ ಠಾಣೆಯ ಪಕ್ಕದ ಕೋಣೆಯಲ್ಲಿ ನೋದಾರ್ ಎಂಬ ಟ್ಯಾಕ್ಸಿ ಡ್ರೈವರ್ ಇದ್ದ. ಕುಡಿದು ಗಲಾಟೆ ಮಾಡಿದನೆಂದು ಕೂಡಿಹಾಕಿದ್ದರು. ನನಗಿರುವ ಸಾಕ್ಷಿ ಅವನೊಬ್ಬನೇ. ಅವನು ಹೇಳಿಕೆಯಲ್ಲಿ ಒಂದು ಮಾತು ಸೇರಿಸಿದ್ದ. "ಠಾಣೆಯ ಪಡಸಾಲೆಯಲ್ಲಿ ಒಬ್ಬ ಹೆಂಗಸು ದೇದಾ, ದೇದಾ ಅಂತ ಕೂಗ್ತಿದ್ಲು." ಕೋರ್ಟಿಗಾಗಿ ಫ್ರೆಂಚಿಗೆ ತಿರುಗಿಸಿದವರು 'ಒಬ್ಬ ಹೆಂಗಸು ತನ್ನ ತಾಯಿಯನ್ನು ಕೂಗಿ ಅಳುತ್ತಿದ್ದಳು' ಎಂದು ಬರೆದರು. ಸರ್ಕಾರ ಅದನ್ನೇ ಹಿಡಿದುಕೊಂಡಿದೆ. ಆ ದಿನ ಠಾಣೆಯಲ್ಲಿ ಯಾವ ಹೆಂಗಸನ್ನೂ ಬಂಧಿಸಿರಲಿಲ್ಲ, ಹಾಗಾದರೆ ಈ ಕುಡುಕ ಸುಳ್ಳುಗಾರ, ಅವನು ಹೇಳಿದ ಮಿಕ್ಕದ್ದೂ ಸುಳ್ಳು, ಮಾಲ್ಖಾಜನ ಮೈಮೇಲಿನ ಗಾಯಗಳು ಕೈದಿಗಳ ಜಗಳದಲ್ಲಿ ಆದವು.

"ಆ ಹೆಂಗಸು ಯಾರು?" ಎಂದು ಕೇಳಿದಳು ಇರ್ಮಾ. "ಗೊತ್ತಿಲ್ಲ" ಎಂದೆ. ಅವಳು ಪೆನ್ನು ಕೆಳಗಿಟ್ಟಳು. "ಗೊತ್ತಿದ್ರೆ ಹೇಳಿ. ಆ ಹೆಂಗಸು ಸಿಕ್ಕಿದ್ರೆ ನೋದಾರ್ ನಿಲ್ತಾನೆ, ನೋದಾರ್ ನಿಂತ್ರೆ ಕೇಸು ನಿಲ್ಲುತ್ತೆ" ಎಂದಳು. ನಾನು ಮತ್ತೆ ಗೊತ್ತಿಲ್ಲ ಎಂದೆ.

ಸರ್ಕಾರ ಇನ್ನೊಂದು ಕಾಗದವನ್ನೂ ಕಳಿಸಿದೆ. 'ಆದದ್ದಕ್ಕೆ ವಿಷಾದವಿದೆ, ಇಲ್ಲಿಗೆ ಮುಗಿಸೋಣ' ಎಂದು. ಚಿತ್ರಹಿಂಸೆ ಎಂಬ ಮಾತು ಅದರಲ್ಲಿಲ್ಲ. ನಾನು ಕಾದದ್ದೆಲ್ಲ ಆ ಒಂದು ಮಾತಿಗೆ. ಆದರೂ ಸಹಿ ಹಾಕಿಬಿಡುತ್ತೇನೆ. ಯಾಕೆಂದರೆ ಹಾಕದಿದ್ದರೆ ಅವರು ಆ ಹೆಂಗಸನ್ನು ಹುಡುಕುತ್ತಾರೆ. ನಿನ್ನನ್ನು ಕೂರಿಸಿ, ಅವತ್ತು ನಿನಗೆ ಏನು ಮಾಡಿದರು, ಎಲ್ಲಿ ಮಾಡಿದರು ಎಂದು ಕೇಳುತ್ತಾರೆ. ಹೆತ್ತ ಮಗನೇ ಕೇಳಲಾರದೆ ಇಷ್ಟು ವರ್ಷ ನುಂಗಿಕೊಂಡದ್ದನ್ನು ಯಾರೋ ಗುಮಾಸ್ತ ಕೇಳುವುದು ಬೇಡ.

ನಿನಗೆ ಆದದ್ದು ನನ್ನಿಂದ ಆಯಿತು. ಅದಕ್ಕೇ ಮುಖ ತೋರಿಸಲಾರೆ.

ಮಾಲ್ಖಾಜ್


೧೨ ಡಿಸೆಂಬರ್ ೨೦೧೦
ಮನೆಯಿಂದ

ದೇದಾ,

ನಿನ್ನ ಕಾಗದವನ್ನು ಜುಂಬೆರ್ ಬಾಗಿಲಲ್ಲಿ ಕೊಟ್ಟ. ಚಪ್ಪಲಿ ಬಿಡದೆ ಅಲ್ಲೇ ನಿಂತು ಓದಿದೆ, ಒಳಗೆ ಬಂದು ಮತ್ತೆ ಓದಿದೆ. ನನಗೆ ಏನಾಯಿತು? ನನಗೆ ಯಾರು ಏನು ಮಾಡಿದರು? ಅಯ್ಯೋ ಹುಚ್ಚಪ್ಪ, ನನಗೆ ಏನೂ ಆಗಲಿಲ್ಲ! ಒಂದು ಬೆರಳೂ ಸೋಕಲಿಲ್ಲ. ಏನೇನು ಕಲ್ಪಿಸಿಕೊಂಡು ಕೂತಿದ್ದೀ ನೀನು?

ಆ ಹೆಂಗಸು ನಾನೇ. ಅದರಲ್ಲಿ ಮುಚ್ಚಿಡುವುದೇನಿದೆ? ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳುತ್ತೇನೆ ಕೇಳು.

ಮಧ್ಯಾಹ್ನವಾಗಿತ್ತು. ನಿನಗೆಂದು ಹಚಾಪುರಿ ರೊಟ್ಟಿ ಸುಟ್ಟು, ಚೀಸು ಆರದ ಹಾಗೆ ಬಟ್ಟೆಯಲ್ಲಿ ಸುತ್ತಿ, ಒಗೆದ ಕಾಲುಚೀಲ ತೆಗೆದುಕೊಂಡು ಹೋದೆ. ಗೇಟಿನವರು ಬಿಡಲಿಲ್ಲ. ನಾನೂ ಕದಲಲಿಲ್ಲ. ಆಗ ಗುರಾಮ್ ಹೊರಗೆ ಬಂದ. "ಬನ್ನಿ ಲಾಮಾರಾ ಚಿಕ್ಕಮ್ಮ, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ" ಎಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದ. ಮೇಲಿನ ಪಡಸಾಲೆಯಲ್ಲಿ ಒಂದು ಕುರ್ಚಿ ಹಾಕಿಸಿದ. "ನೋಡೋದಕ್ಕೆ ಬಿಡೋ ಹಾಗಿಲ್ಲ, ಕಾನೂನು. ಆದ್ರೆ ಇದೇ ಬಾಗಿಲ ಹಿಂದೆ ಇದ್ದಾನೆ. ಹೆದರಿದ್ದಾನೆ ಪಾಪ. ನೀವು ಬಂದಿದ್ದೀರಿ ಅಂತ ಗೊತ್ತಾದ್ರೆ ಧೈರ್ಯ ಬರುತ್ತೆ. ನಾನು ಒಳಗೆ ಹೋಗ್ತೀನಿ, ಬಾಗಿಲು ಮುಚ್ಚಿದ ಮೇಲೆ ಕೂಗಿ" ಎಂದ.

ನಾನು ಕೂಗಿದೆ. ಒಳಗಿನಿಂದ ಅವನು ಬಾಗಿಲು ತೆರೆದು ತಲೆ ಹೊರಗೆ ಹಾಕಿ "ಇನ್ನೂ ಜೋರಾಗಿ" ಎಂದ, ಆಮೇಲೆ ಪಿಸುದನಿಯಲ್ಲಿ "ಬಾಗಿಲು ದಪ್ಪ ಚಿಕ್ಕಮ್ಮ" ಎಂದ. ಜೋರಾಗಿ ಕೂಗಿದೆ. ಹತ್ತಿರವಿದ್ದೂ ನೋಡಲಾಗಲಿಲ್ಲವಲ್ಲ ಎಂದು ದುಃಖ ಉಕ್ಕಿಬಂತು. ದೇದಾ, ದೇದಾ ಎಂದು ಗಂಟಲು ಹರಿಯುವ ಹಾಗೆ ಅತ್ತೆ. ಯಾರೋ ನೀರು ತಂದುಕೊಟ್ಟರು. ಸ್ವಲ್ಪ ಹೊತ್ತಿಗೆ ಗುರಾಮ್ ಹೊರಗೆ ಬಂದು, "ಮುಗೀತು ಚಿಕ್ಕಮ್ಮ. ನಿಮ್ಮ ದನಿ ಕೇಳಿ ಹುಡುಗನ ಮನಸ್ಸು ಕರಗಿತು. ಎಲ್ಲಾ ಒಪ್ಕೊಂಡ" ಎಂದ.

ದೇದಾ, ಇವತ್ತು ಮುಚ್ಚುಮರೆ ಬೇಡ. ನಾನು ಅದನ್ನು ನಂಬಿದೆ. ಅಮ್ಮನ ದನಿ ಕೇಳಿ ಮಗ ಸುಳ್ಳು ಹೇಳಲಾರದೆ ನಿಜ ಹೇಳಿಬಿಟ್ಟ ಎಂದುಕೊಂಡೆ. ಕದ್ದಿದ್ದರೂ ನನ್ನ ಮಗ ಒಳ್ಳೆಯವನು ಎಂದು ಹೆಮ್ಮೆಪಟ್ಟೆ. ಅದಕ್ಕೇ ನಿನ್ನನ್ನು ತಂತಿಯ ವಿಷಯ ಯಾವತ್ತೂ ಕೇಳಲಿಲ್ಲ. ಅದಕ್ಕೇ ಗುರಾಮನಿಗೆ ವರ್ಷವರ್ಷವೂ ಚುರ್ಚ್‌ಖೇಲಾ.

ಒಳಗೆ ನಿನಗೆ ನನ್ನ ದನಿ ಕೇಳಿಸಿತಲ್ಲವೇ? ಧೈರ್ಯ ಬಂತಲ್ಲವೇ? ಬೇಗ ಬರಿ.

ಅಮ್ಮ


ಬತೂಮಿ
೩ ಜನವರಿ ೨೦೧೧

ಅಮ್ಮ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಜುಂಬೆರ್ ಬಂದಾಗಲೆಲ್ಲ "ಉತ್ತರ ಎಲ್ಲೋ? ನಿಮ್ಮಮ್ಮ ನನ್ನ ವ್ಯಾನಿಗೆ ಅಡ್ಡ ನಿಲ್ತಾರೆ" ಎಂದು ಬೈಯುತ್ತಿದ್ದ. ಬರೆದೆ, ಹರಿದೆ. ಇದನ್ನು ಬರೆದರೆ ನಿನಗೆ ಏನಾಗುತ್ತದೆ ಎಂದು ಗೊತ್ತು. ಬರೆಯದಿದ್ದರೆ ನೀನು ಬರುವ ಅಕ್ಟೋಬರಿನಲ್ಲಿ ಮತ್ತೆ ಒಂದು ಕಟ್ಟು ತೆಗೆದುಕೊಂಡು ಆ ಮನೆಗೆ ಹೋಗುತ್ತೀ. ಅದನ್ನು ತಾಳಲಾರೆ.

ಕೇಳಿಸಿತು. ನಿನ್ನ ದನಿ ಕೇಳಿಸಿತು.

ಅದಕ್ಕೆ ಮೊದಲು ಬಹಳ ಹೊಡೆದಿದ್ದರು. ನಾನು ಸಹಿ ಹಾಕಿರಲಿಲ್ಲ. ಹಾಕುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಏಟಿಗೂ ಒಂದು ಅಭ್ಯಾಸವಾಗಿಬಿಡುತ್ತದೆ. ಆಗ ಗುರಾಮ್ ಒಳಗೆ ಬಂದ. ಬಾಯಿ ತುಂಬ ಏನೋ ಅಗಿಯುತ್ತಿದ್ದ. ಚೀಸಿನ ವಾಸನೆ ಬಂತು, ನಮ್ಮ ಮನೆಯ ಹಚಾಪುರಿಯ ವಾಸನೆ. "ನಿಮ್ಮಮ್ಮನ ಕೈರುಚಿ ಚೆನ್ನಾಗಿದೆ ಕಣೋ" ಎಂದ. "ಪಕ್ಕದ ಕೋಣೇಲಿ ಇದ್ದಾಳೆ. ನಿನ್ನ ಸರದಿ ಆಯ್ತು, ಈಗ ನಿಮ್ಮಮ್ಮನ ಸರದಿ. ಹುಡುಗರು ಶುರು ಮಾಡ್ತಾರೆ, ಕೇಳಿಸ್ಕೋ."

ಆಮೇಲೆ ನಿನ್ನ ದನಿ. ದೇದಾ, ದೇದಾ. ಅವನು ಬಾಗಿಲು ತೆರೆದು ಹೊರಗಿನವರಿಗೆ "ಇನ್ನೂ ಜೋರಾಗಿ" ಎಂದ. ಯಾರಿಗೆ ಹೇಳುತ್ತಿದ್ದಾನೆ, ಏನನ್ನು ಜೋರಾಗಿ ಮಾಡಲು ಹೇಳುತ್ತಿದ್ದಾನೆ ಎಂದು ನಾನು ಯೋಚಿಸಬೇಕಾಗಿತ್ತೇ? ನಿನ್ನ ದನಿ ಹರಿಯಿತು. ನಮ್ಮ ನಾಡಿನಲ್ಲಿ ನೋವಾದರೆ ಯಾರು ದೇದಾ ಎನ್ನುವುದಿಲ್ಲ? ಮುದುಕರೂ ಅನ್ನುತ್ತಾರೆ, ಸಾಯುವವರೂ ಅನ್ನುತ್ತಾರೆ. ನೀನು ನಿನ್ನ ಸತ್ತ ತಾಯಿಯನ್ನು ಕೂಗುತ್ತಿದ್ದೀ ಎಂದುಕೊಂಡೆ.

ಹುಟ್ಟಿದಂದಿನಿಂದ ನೀನು ಆ ಮಾತಿನಲ್ಲಿ ನನ್ನನ್ನೇ ಕರೆದದ್ದು. ಟೋಪಿ ಹಾಕಿಕೋ ಎಂದೂ ದೇದಾ, ಊಟಕ್ಕೆ ಬಾ ಎಂದೂ ದೇದಾ. ಅವತ್ತು ಒಂದೇ ಒಂದು ಸಲವೂ ನೀನು ಕರೆಯುತ್ತಿರುವುದು ನನ್ನನ್ನು ಎಂದು ಹೊಳೆಯಲಿಲ್ಲ. "ಬಿಡಿ, ಅವಳನ್ನ ಬಿಡಿ" ಎಂದು ಸಹಿ ಹಾಕಿದೆ. ಯಾವ ಕಾಗದ ಎಂದೂ ನೋಡಲಿಲ್ಲ.

ಅಂದಿನಿಂದ ಆ ಮಾತು ಕಿವಿಗೆ ಬಿದ್ದರೆ ಕಾದ ಸೀಸ ಹೊಯ್ದ ಹಾಗಾಗುತ್ತದೆ. ಫೋನಿನಲ್ಲಿ ನೀನು ಮೊದಲು ಅನ್ನುವುದೇ ಅದು.

ನೀನು ನನ್ನನ್ನು ಕಳ್ಳನೆಂದು ನಂಬಿಯೂ ಜೈಲಿಗೆ ತಪ್ಪದೆ ಬುತ್ತಿ ಕಳಿಸಿದೆ. ನಿನ್ನನ್ನು ನನ್ನಿಂದಾಗಿ ಹಿಂಸಿಸಿದರು ಎಂದು ನಂಬಿ ನಾನು ನಿನ್ನ ಮುಖ ನೋಡಲಿಲ್ಲ. ಗುರಾಮ್ ನಮ್ಮಿಬ್ಬರ ನಡುವೆ ಒಂದು ಬಾಗಿಲು ಮುಚ್ಚಿದ, ನಾವು ಅದನ್ನು ಇಷ್ಟು ವರ್ಷ ಹಾಗೇ ಕಾದೆವು.

ಆ ವಿಷಾದದ ಕಾಗದಕ್ಕೆ ಇನ್ನೂ ಸಹಿ ಹಾಕಿಲ್ಲ. ಏನು ಮಾಡಲಿ, ನೀನೇ ಹೇಳು.

ಮಾಲ್ಖಾಜ್


೨೦ ಫೆಬ್ರವರಿ ೨೦೧೧
ಮನೆಯಿಂದ

ಮಾಲ್ಖಾಜ್,

ತಡವಾಯಿತು. ಜುಂಬೆರ್ ಹೇಳಿರಬೇಕು. ಹಾಸಿಗೆ ಹಿಡಿದಿದ್ದೆ ಎಂದು ಅವನು ಹೇಳಿದ್ದರೆ ನಂಬಬೇಡ, ಹಿಡಿದಿರಲಿಲ್ಲ. ಸುಮ್ಮನೆ ಮಲಗಿದ್ದೆ.

ಎದ್ದಮೇಲೆ ಮೊದಲು ಹೋದದ್ದು ಗುರಾಮನ ಬಳಿಗೆ. ಬೆಳಿಗ್ಗೆ ಹೊತ್ತು, ಚಿನಾರ್ ಮರದ ಕೆಳಗೆ ಗೆಳೆಯರ ಜೊತೆ ದಾಳ ಹಾಕಿ ನರ್ದಿ ಆಡುತ್ತ ಕೂತಿದ್ದ. ನನ್ನನ್ನು ಕಂಡು "ಓಹೋ, ಚಿಕ್ಕಮ್ಮ! ಕೂತ್ಕೊಳ್ಳಿ. ಈ ಸಲದ ಚುರ್ಚ್‌ಖೇಲಾ ಸಕ್ಕರೆ" ಎಂದ.

"ಅವತ್ತು ನಾನು ಕೂಗೋದಕ್ಕೆ ಮೊದ್ಲು ನನ್ನ ಮಗನಿಗೆ ಏನಂದೆ?" ಎಂದೆ.

"ಯಾವತ್ತು?"

"ನನ್ನ ಮಗನಿಗೆ ತಂದ ಹಚಾಪುರೀನ ನೀನು ತಿಂದ್ಯಲ್ಲ, ಅವತ್ತು."

ಗೆಳೆಯರು ನಕ್ಕರು. ಅವನು ನಗಲಿಲ್ಲ. ದಾಳ ಕೈಯಲ್ಲೇ ಕುಲುಕುತ್ತಿದ್ದ. "ಹಳೇ ಮಾತು ಯಾಕೆ ಚಿಕ್ಕಮ್ಮ? ನಿಮ್ಮನ್ನ ಯಾರಾದ್ರೂ ಮುಟ್ಟಿದ್ರಾ? ಕುರ್ಚಿ ಹಾಕಿಸ್ದೆ, ನೀರು ಕೊಡಿಸ್ದೆ."

"ಕೊಡಿಸ್ದೆ. ಅವನಿಗೆ ಏನಂದೆ?"

"ಅನ್ನೋದೇನು... ಕೆಲಸ ಅದು. ಹುಡುಗ ಮೊಂಡ. ಮೇಲಿನವರು ಕುತ್ತಿಗೆ ಮೇಲೆ ಕೂತಿದ್ರು. ಹೊಡೆದು ಹೊಡೆದು ನಮ್ಮ ಕೈಯೇ ನೋಯ್ತಿತ್ತು. ನೀವು ಬಂದ್ರಿ, ಒಂದು ಮಾತಲ್ಲಿ ಮುಗೀತು. ಅವನಿಗೂ ಏಟು ತಪ್ಪಿತಲ್ಲ? ತಪ್ಪು ಅಂತೀರಾ, ತಪ್ಪೇ ಇರ್ಬಹುದು. ಆದ್ರೆ..."

"ಆದ್ರೆ ಇಲ್ಲ" ಎಂದೆ. "ಆ ಕಲಮಿನಲ್ಲಿ ಆದ್ರೆ ಇಲ್ಲ."

"ಯಾವ ಕಲಮು?"

ನಾನು ತಿರುಗಿ ಹೊರಟೆ. ಹಿಂದಿನಿಂದ ಹೇಳಿದ, ಜೋರಾಗಿಯೂ ಅಲ್ಲ: "ಕೂಗಿದ್ದು ನೀವೇ, ಚಿಕ್ಕಮ್ಮ."

ಹೌದು. ಕೂಗಿದ್ದು ನಾನೇ. ಮನೆಗೆ ಬರುವ ದಾರಿಯಲ್ಲಿ ಗೋಡೆ ಹಿಡಿದುಕೊಂಡು ನಡೆದೆ. ಕೋಲಿನಿಂದ ಹೊಡೆದವರ ಕೋಲು ಎಲ್ಲೋ ಬಿದ್ದಿರುತ್ತದೆ, ಸುಟ್ಟುಹಾಕಬಹುದು. ಅವರು ನಿನ್ನನ್ನು ಮುರಿದದ್ದು ನನ್ನ ಗಂಟಲಿನಿಂದ. ಅದನ್ನು ನಾನು ಎಲ್ಲಿ ಎಸೆಯಲಿ?

ವಿಷಾದದ ಕಾಗದಕ್ಕೆ ಸಹಿ ಹಾಕಕೂಡದು. ನನ್ನನ್ನು ಉಳಿಸಲು ಒಂದು ಸಲ ಹಾಕಿದ್ದು ಸಾಕು. ನಾನು ಇರ್ಮಾಳ ಕಚೇರಿಗೆ ಹೋಗಿ ಹೇಳಿಕೆ ಕೊಟ್ಟಿದ್ದೇನೆ. ನೋದಾರ್ ಸುಳ್ಳು ಹೇಳಲಿಲ್ಲ. ಆ ಹೆಂಗಸು ಕೈದಿಯಲ್ಲ, ಬುತ್ತಿ ತಂದ ತಾಯಿ. ಅವಳು ಕೂಗಿದ್ದು ತನ್ನ ತಾಯಿಯನ್ನಲ್ಲ, ಮಗನನ್ನು. ಇರ್ಮಾ ಟೈಪು ಮಾಡುವುದನ್ನು ನಿಲ್ಲಿಸಿದಳು. ಅವಳಿಗೂ ಇಬ್ಬರು ಮಕ್ಕಳು. "ನಾನೂ ಈ ದೇಶದವಳೇ ಅಲ್ವಾ, ನನಗ್ಯಾಕೆ ಹೊಳೀಲಿಲ್ಲ?" ಎಂದಳು. ನನ್ನ ಮಗನಿಗೇ ಹೊಳೆಯಲಿಲ್ಲ ಎಂದು ಅವಳಿಗೆ ಹೇಳಿದೆ.

ಅವರು ನಿನಗೆ ಹೇಳಿದರಲ್ಲ, 'ಈಗ ನಿಮ್ಮಮ್ಮನ ಸರದಿ' ಎಂದು. ಇದೋ, ಈಗ ನಿಜವಾಗಿಯೂ ನನ್ನ ಸರದಿ.

ನೀನು ಕದ್ದಿಲ್ಲ. ನಾನು ಇದನ್ನು ನಿನ್ನ ಬಾಯಿಂದ ಕೇಳಿ ನಂಬಬೇಕಾಗಿತ್ತು. ನಂಬಲಿಲ್ಲ.

ಲಾಮಾರಾ


ಬತೂಮಿ
೨೬ ಏಪ್ರಿಲ್ ೨೦೧೧

ಅಮ್ಮ,

ಈಸ್ಟರಿನ ಕೆಂಪು ಮೊಟ್ಟೆಗಳು ಬಂದವು. ಒಂದೂ ಒಡೆದಿರಲಿಲ್ಲ, ಜುಂಬೆರ್ ಮಡಿಲಲ್ಲಿ ಇಟ್ಟುಕೊಂಡು ಓಡಿಸಿದನಂತೆ. ಕಾಗದವಿರಲಿಲ್ಲ, 'ಮಾಲ್ಖಾಜನಿಗೆ' ಎಂದು ಒಂದು ಚೀಟಿ ಮಾತ್ರ.

ನಿನ್ನ ಹೇಳಿಕೆ ಕೋರ್ಟಿಗೆ ಹೋಗಿದೆ. ಇರ್ಮಾ ಅದರ ಜೊತೆಗೆ ಒಬ್ಬ ಭಾಷಾ ಪಂಡಿತನ ಟಿಪ್ಪಣಿಯನ್ನೂ ಇಟ್ಟಿದ್ದಾಳೆ, ನಮ್ಮ ತಾಯಂದಿರು ಮಕ್ಕಳನ್ನು ಹೇಗೆ ಕರೆಯುತ್ತಾರೆ ಎಂದು. ನಮ್ಮ ಮನೆಯ ಮಾತನ್ನು ಫ್ರೆಂಚಿನವರಿಗೆ ಅರ್ಥಮಾಡಿಸಲು ಪಂಡಿತ ಬೇಕಾಯಿತು. ಆ ರಷ್ಯನ್ ಟೀಚರು ನೆನಪಾದಳು.

ನೀನು ಫೆಬ್ರವರಿಯಿಂದ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದೀ. ಯಾಕೆ ಎಂದು ಗೊತ್ತು, ನನಗೋಸ್ಕರವೇ. ಆದರೂ ಚೀಟಿಯನ್ನು ಓದಿ, ಇದು ಯಾರಿಗೆ ಬಂದ ಬುತ್ತಿ ಎಂದು ಒಂದು ಗಳಿಗೆ ಅನ್ನಿಸಿತು.

ಮಾಲ್ಖಾಜ್


೧೫ ಮೇ ೨೦೧೧
ಮನೆಯಿಂದ

ಮಾಲ್ಖಾಜ್,

ಆ ಮಾತು ಬಾಯಿಗೆ ಬಂದರೆ ತುಟಿ ಕಚ್ಚಿಕೊಳ್ಳುತ್ತೇನೆ. ಪಕ್ಕದ ಮನೆಯ ಮಗು ಬೇಲಿ ದಾಟಿ ಬಂದರೂ "ಏ ಪುಟ್ಟಾ" ಎಂದು ಅದೇನೋ ಪರಭಾಷೆಯವಳ ಹಾಗೆ ಕರೆಯುತ್ತೇನೆ. ಅದು ಮಿಕಮಿಕ ನೋಡುತ್ತದೆ.

ನೀನು ಬೀದಿ ಸುತ್ತುಹಾಕಿಕೊಂಡು ಹೋಗುತ್ತೇನೆ ಎಂದು ಬರೆದಿದ್ದೆಯಲ್ಲ, ಈಗ ನಾನೂ ಹಾಗೆಯೇ. ಮೊನ್ನೆ ಸಂತೆಯಲ್ಲಿ ಯಾರೋ ಹೆಂಗಸು ಕಳೆದುಹೋದ ಮಗುವನ್ನು ದೇದಾ, ದೇದಾ ಎಂದು ಕೂಗುತ್ತಿದ್ದಳು. ನನ್ನ ಕೈಯಿಂದ ಬೀನ್ಸಿನ ಚೀಲ ಬಿದ್ದುಹೋಯಿತು. ಅವಳ ದನಿ ನನಗೆ ಬಾಗಿಲ ಆಚೆಯಿಂದ ಬಂದ ಹಾಗೆ ಕೇಳಿತು, ಅವತ್ತು ನಿನಗೆ ಕೇಳಿದ ಹಾಗೆ. ಮಗು ಸಿಕ್ಕಿತು, ಅಲ್ಲೇ ಚೆರ್ರಿ ಮಾರುವವನ ಬುಟ್ಟಿಯ ಹಿಂದೆ ತಿನ್ನುತ್ತ ಕೂತಿತ್ತು. ಎಲ್ಲರೂ ನಕ್ಕರು. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ನಿನ್ನನ್ನು ಹಿಡಿದಿದ್ದ ದೆವ್ವ ನನ್ನನ್ನೂ ಹಿಡಿಯಿತು. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ಇಷ್ಟು ವರ್ಷ ನೀನು ಒಬ್ಬನೇ ಅದರ ಜೊತೆ ಸಂಸಾರ ಮಾಡಿದೆ.

ಲಾಮಾರಾ


ಬತೂಮಿ
೧೬ ನವೆಂಬರ್ ೨೦೧೧

ದೇದಾ,

ಬರೆದೆ ನೋಡು. ಎರಡು ಹಾಳೆ ಹರಿದೆ, ಆದರೆ ಬರೆದೆ.

ತೀರ್ಪು ಬಂತು. ಇರ್ಮಾ ಫೋನಿನಲ್ಲೇ ಓದಿ ಹೇಳಿದಳು, ನಾನು ಹಡಗಿನ ಹೊಟ್ಟೆಯಿಂದ ಹೊರಗೆ ಬಂದು ಇನ್ನೊಂದು ಕಿವಿ ಮುಚ್ಚಿಕೊಂಡು ಕೇಳಿದೆ. ಆ ಮಾತು ಅದರಲ್ಲಿದೆ. ವಿಷಾದವಲ್ಲ, ಒರಟು ನಡವಳಿಕೆಯಲ್ಲ, ಚಿತ್ರಹಿಂಸೆ. ಏಟುಗಳಿಗಷ್ಟೇ ಅಲ್ಲ. ಪಕ್ಕದಲ್ಲಿ ತನ್ನ ತಾಯಿಯನ್ನು ಹಿಂಸಿಸುತ್ತಿದ್ದಾರೆಂದು ಬೇಕೆಂದೇ ನಂಬಿಸಿದ್ದಕ್ಕೂ ಅದೇ ಮಾತು. 'ತಾಯಿಯ ಪ್ರೀತಿಯ ಕರೆಯನ್ನೇ ಮಗನ ಮೇಲೆ ಆಯುಧವಾಗಿ ಬಳಸಲಾಯಿತು' ಎಂದು ಬರೆದಿದ್ದಾರಂತೆ. ಕೇಳಿದೆಯಾ? ಬಳಸಲಾಯಿತು. ಬಳಸಿದವನು ಬೇರೆ, ಕರೆದವಳು ಬೇರೆ. ಕೂಗಿದ್ದು ನೀವೇ ಎಂದನಲ್ಲ ಆ ಗುರಾಮ್, ಅವನಿಗೆ ಉತ್ತರ ಅಲ್ಲಿದೆ. ನನ್ನ ಕಳ್ಳತನದ ಕೇಸನ್ನೂ ಇಲ್ಲಿ ಮತ್ತೆ ತೆರೆಯಬೇಕಾಗುತ್ತದಂತೆ.

ಗೆದ್ದೆ ಎಂದು ಕುಣಿಯುತ್ತೇನೆ ಅಂದುಕೊಂಡಿದ್ದೆ. ಅಲ್ಲೇ ಕಬ್ಬಿಣದ ಹಲಗೆಯ ಮೇಲೆ ಕೂತು ಅತ್ತೆ. ಅಂದು ರಾತ್ರಿಯೂ ನಿನ್ನ ದನಿ ಬಂತು. ತೀರ್ಪು ಬಂದ ಸಂಗತಿ ಅದಕ್ಕೆ ಇನ್ನೂ ತಲುಪಿಲ್ಲ. ಬಹುಶಃ ಯಾವತ್ತೂ ತಲುಪಲಾರದು. ಆದರೆ ಈಗ ಅದು ಬಂದಾಗ, ಬಾಗಿಲಾಚೆ ಕುರ್ಚಿಯಲ್ಲಿ ಕೂತ ನಿನ್ನನ್ನೂ ಕಾಣುತ್ತೇನೆ, ಮಡಿಲಲ್ಲಿ ಕಾಲುಚೀಲ ಇಟ್ಟುಕೊಂಡವಳನ್ನು. ಅಷ್ಟು ವ್ಯತ್ಯಾಸವಾಗಿದೆ.

ಗಿಯೋರ್ಗಿ ಹಬ್ಬದ ದಿನ ಜುಂಬೆರನ ವ್ಯಾನಿನಲ್ಲಿ ಬರುತ್ತೇನೆ. ಕೋಳಿಗೆ ಅಕ್ರೋಟಿನ ಸಾರು ಮಾಡು, ಈ ಸಲ ಇಬ್ಬರಿದ್ದೇವೆ.

ಗೇಟಿನ ಹತ್ತಿರ ನಿಂತಿರು. ಮಾಲ್ಖಾಜ್ ಎಂದು ಕರೆಯಬೇಡ, ಆ ಹೆಸರಿನಲ್ಲಿ ಪೊಲೀಸರು ಕರೆಯುತ್ತಿದ್ದರು. ನೀನು ಕರೆಯುತ್ತಿದ್ದ ಹಾಗೆ ಕರಿ. ಜೋರಾಗಿ ಬೇಡ, ಈಗ ನಡುವೆ ಬಾಗಿಲಿಲ್ಲ. ಶಾಲೆಯ ಗೇಟಿನಲ್ಲಿ ಟೋಪಿ ಹಾಕ್ಕೋ ಎಂದೆಯಲ್ಲ, ಅಷ್ಟು ಮೆತ್ತಗೆ.

ನಾನು ವ್ಯಾನಿನಿಂದ ಇಳಿಯದೆ ಕೂತೇ ಇದ್ದರೆ, ಹೆದರಬೇಡ. ಇನ್ನೊಂದು ಸಲ ಕರಿ.

ಮಾಲ್ಖಾಜ್